ಲಾಗ್‌ಬುಕ್ಕಿನ ಒಂದು ಸಾಲು ಮತ್ತು ದಾಬೋಲಿಮ್‌ನ ರನ್‌ವೇ

ಪ್ರಶ್ನೆ: ನನ್ನ ದೊಡ್ಡಪ್ಪನವರು 1961ರಲ್ಲಿ ಪುಣೆಯ ಲೋಹಗಾಂವ್ ವಾಯುನೆಲೆಯಲ್ಲಿ ಕ್ಯಾನ್‌ಬೆರಾ ಬಾಂಬರ್ ವಿಮಾನದ ಪೈಲಟ್ ಆಗಿದ್ದರು, ಆಗಿನ್ನೂ ಇಪ್ಪತ್ತೈದರ ಹರೆಯ. ಅವರ ಲಾಗ್‌ಬುಕ್ಕಿನಲ್ಲಿ, ಅಂದರೆ ಪೈಲಟ್ ತನ್ನ ಹಾರಾಟಗಳನ್ನು ಬರೆದಿಡುವ ಪುಸ್ತಕದಲ್ಲಿ, ಡಿಸೆಂಬರ್ 18ರ ಎದುರು ಒಂದು ಸಾಲಿನ ನಮೂದು ಬಿಟ್ಟರೆ ಬೇರೇನೂ ಇಲ್ಲ. ಪೋರ್ಚುಗೀಸರಿಂದ ಗೋವಾವನ್ನು ಬಿಡಿಸಿಕೊಂಡ ಆ ಕಾರ್ಯಾಚರಣೆಯ ಸುದ್ದಿಯನ್ನು ಅವರು ಮನೆಯಲ್ಲಿ ಎಂದೂ ಎತ್ತಲಿಲ್ಲ. ಶತ್ರುವಿನ ಯುದ್ಧವಿಮಾನಗಳೇ ಇಲ್ಲದ ಕಡೆ ಬಾಂಬ್ ಹಾಕಿ ಬರುವುದರಲ್ಲಿ ಏನು ಕಷ್ಟ ಎಂದು ನೆಂಟರು ಕೇಳುತ್ತಾರೆ. ನನ್ನ ಮಗನಿಗೆ ಏನೆಂದು ವಿವರಿಸಲಿ?
— ಓದುಗರೊಬ್ಬರು, ವಿಶ್ರಾಂತವಾಡಿ, ಪುಣೆ

ಉತ್ತರ: ಪೋರ್ಚುಗೀಸರ ಬಳಿ ಗೋವಾದಲ್ಲಿ ಯುದ್ಧವಿಮಾನಗಳಿರಲಿಲ್ಲ ಎಂಬುದು ನಿಜ. ಆದರೆ ಬಾಂಬರ್ ಪೈಲಟ್‌ನ ಕಷ್ಟವನ್ನು ಅದೊಂದರಿಂದಲೇ ಅಳೆಯಲಾಗದು. ಅಂದು ವಿಂಗ್ ಕಮಾಂಡರ್ ಎನ್. ಬಿ. ಮೆನನ್ ಅವರ ನೇತೃತ್ವದಲ್ಲಿ 12 ಕ್ಯಾನ್‌ಬೆರಾಗಳು ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದ ರನ್‌ವೇ ಮೇಲೆ ಕೆಲವೇ ನಿಮಿಷಗಳಲ್ಲಿ 63,000 ಪೌಂಡ್, ಅಂದರೆ ಸುಮಾರು ಇಪ್ಪತ್ತೆಂಟೂವರೆ ಟನ್ ಬಾಂಬ್ ಸುರಿಸಿದವು; ಬಳಿಕ ವಿಂಗ್ ಕಮಾಂಡರ್ ಸುರೀಂದರ್ ಸಿಂಗ್ ಅವರೊಂದಿಗೆ ಇನ್ನೂ 8 ವಿಮಾನಗಳು ಹೋದವು. ರನ್‌ವೇಯನ್ನು ಕೆಡಿಸಬೇಕು, ಟರ್ಮಿನಲ್ ಮತ್ತಿತರ ಕಟ್ಟಡಗಳಿಗೆ ಹಾನಿಯಾಗಬಾರದು ಎಂಬುದು ಅವರಿಗಿದ್ದ ಆದೇಶ.

ಈ ಎರಡನೆಯ ಮಾತನ್ನು ಪಾಲಿಸುವುದೇ ಕಠಿಣ. ವಿಮಾನದಿಂದ ಕಳಚಿದ ಬಾಂಬ್ ನೆಟ್ಟಗೆ ಕೆಳಗೆ ಬೀಳದೆ ವಿಮಾನದ ವೇಗವನ್ನು ಹೊತ್ತು ಮುಂದೆ ಸಾಗುತ್ತಾ ಇಳಿಯುವುದರಿಂದ, ಗುರಿ ಇನ್ನೂ ದೂರವಿರುವಾಗಲೇ ಅದನ್ನು ಬಿಡಬೇಕಾಗುತ್ತದೆ. ವೇಗ, ಎತ್ತರ, ಗಾಳಿ ಇವುಗಳಲ್ಲಿ ಯಾವುದರ ಲೆಕ್ಕ ಸ್ವಲ್ಪ ತಪ್ಪಿದರೂ ಅದು ರನ್‌ವೇ ಬಿಟ್ಟು ಬೇರೆಲ್ಲೋ ಬೀಳುತ್ತದೆ. ಕ್ಯಾನ್‌ಬೆರಾದ ಮೂತಿಯಲ್ಲಿ ಬೋರಲಾಗಿ ಮಲಗಿ ಗುರಿ ನೋಡುವವರು ನ್ಯಾವಿಗೇಟರ್. ಅವರು ಹೇಳಿದಂತೆ ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ತಿದ್ದಿಕೊಂಡು, ಕೆಳಗಿನಿಂದ ಗುಂಡು ಹಾರಿದರೂ ಅಲುಗದೆ, ಒಂದೇ ಎತ್ತರದಲ್ಲಿ ನೇರವಾಗಿ ಹಾರಬೇಕಾದವರು ಪೈಲಟ್. ಫೈಟರ್ ಪೈಲಟ್‌ಗೆ ತಿರುಗಿ ತಪ್ಪಿಸಿಕೊಳ್ಳುವ ಅವಕಾಶವುಂಟು, ಬಾಂಬರ್ ಪೈಲಟ್‌ಗೆ ಆ ಹೊತ್ತಿನಲ್ಲಿ ಅದಿಲ್ಲ. ಇಪ್ಪತ್ತೈದರ ಯುವಕನೊಬ್ಬ ಆ ಸ್ಥೈರ್ಯವನ್ನು ತೋರಿದ್ದರೆ ಅದನ್ನು ಸಣ್ಣದೆಂದು ನಾನು ಎಣಿಸಲಾರೆ.

ನಿಲ್ದಾಣದಲ್ಲಿದ್ದ ಎರಡು ಪೋರ್ಚುಗೀಸ್ ಪ್ರಯಾಣಿಕ ವಿಮಾನಗಳು ಅಂದು ರಾತ್ರಿ ರನ್‌ವೇಯ ಅಳಿದುಳಿದ ಭಾಗದಿಂದಲೇ ಏರಿ, ಅಧಿಕಾರಿಗಳ ಕುಟುಂಬದವರನ್ನು ಹೊತ್ತು ಕರಾಚಿಗೆ ಹೋದವು. ಇದನ್ನು ದಾಳಿಯ ವೈಫಲ್ಯ ಎನ್ನಬಹುದು, ಸೈನಿಕ ಲೆಕ್ಕದಲ್ಲಿ ಆ ಮಾತಿಗೆ ಅರ್ಥವೂ ಇದೆ; ಆದರೆ ಹೆಂಗಸರು ಮಕ್ಕಳು ಜೀವಸಹಿತ ಪಾರಾದ ಸಂಗತಿಯನ್ನು ನಾನಂತೂ ಸೋಲಿನ ಪಟ್ಟಿಗೆ ಸೇರಿಸುವುದಿಲ್ಲ. 

ದೊಡ್ಡಪ್ಪನವರ ಮೌನಕ್ಕೆ ಹೆಮ್ಮೆಯನ್ನಾಗಲಿ ಪಶ್ಚಾತ್ತಾಪವನ್ನಾಗಲಿ ದಯವಿಟ್ಟು ನೀವಾಗಿ ಆರೋಪಿಸಬೇಡಿ. ತಾರೀಖು ಹೊಂದಿದ ಮಾತ್ರಕ್ಕೆ ಅವರು ದಾಳಿಯಲ್ಲಿದ್ದರೆಂದು ತೀರ್ಮಾನಿಸುವುದೂ ಸರಿಯಲ್ಲ. ಆ ದಿನದ ಹಾರಾಟದ ಉದ್ದೇಶ, ಅವಧಿ ಮತ್ತು ಜೊತೆಗಿದ್ದವರ ಹೆಸರು ಏನೆಂದು ಬರೆದಿದೆಯೋ ನೋಡಿ. ಮಗನಿಗೆ ಆ ಒಂದು ಸಾಲನ್ನಷ್ಟೇ ತೋರಿಸದೆ ಹಿಂದಿನ ತಿಂಗಳುಗಳ ಪುಟಗಳನ್ನೂ ತೋರಿಸಿ. ಬಾಂಬಿಂಗ್ ಅಭ್ಯಾಸದ ನಮೂದುಗಳು ಅಲ್ಲಿದ್ದರೆ, ನೆಂಟರು ಕೇಳುವ ಕಷ್ಟ ಏನಿತ್ತೆಂದು ಅವನೇ ಓದಿಕೊಳ್ಳಬಲ್ಲ.