‘ಪಾಪು ಒಳಗೆ ಹೇಗೆ ಹೋಯ್ತು?’: ಮಗು ಕೇಳಿದ್ದಕ್ಕೆ ಉತ್ತರ ಕೊಡಿ, ಕಥೆ ಬೇಡ

ಮಳೆಗಾಲದ ನೆಗಡಿ, ಕೆಮ್ಮಿನ ಪ್ರಶ್ನೆಗಳಿಗೆ ನಾನು ಎಷ್ಟು ಸಲ ಬೇಕಾದರೂ ಉತ್ತರ ಬರೆಯುತ್ತೇನೆ. ಆದರೆ ಈ ಒಂದು ಪ್ರಶ್ನೆ ಊರು ಬದಲಾಯಿಸಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ. ಆದ್ದರಿಂದ ಈ ಸಲ ಜಾಗವೆಲ್ಲ ಅದಕ್ಕೇ.

ಪ್ರಶ್ನೆ: ನಾನು ಆರು ತಿಂಗಳ ಗರ್ಭಿಣಿ. ಐದೂವರೆ ವರ್ಷದ ಮಗ ‘ಪಾಪು ಒಳಗೆ ಹೇಗೆ ಹೋಯ್ತು, ಹೇಗೆ ಹೊರಗೆ ಬರುತ್ತೆ’ ಅಂತ ದಿನಾ ಕೇಳುತ್ತಾನೆ. ‘ಮಡಿಕೇರಿ ಆಸ್ಪತ್ರೆಯಿಂದ ತರ್ತೇವೆ’ ಅಂತ ಅತ್ತೆ ಹೇಳಿಬಿಟ್ಟಿದ್ದಾರೆ. ಯಜಮಾನರು ತೋಟಕ್ಕೆ ಕರೆದುಕೊಂಡು ಹೋಗಿ ಕಾಫಿ ಹೂವು, ಜೇನ್ನೊಣ ತೋರಿಸಿ ಏನೋ ವಿವರಿಸಿದರು. ಈಗ ಮನೆಗೆ ಬಂದವರಿಗೆಲ್ಲ ‘ಅಮ್ಮನಿಗೆ ಜೇನು ಕಚ್ಚಿತು, ಅದಕ್ಕೇ ಹೊಟ್ಟೆ ಊದಿದೆ’ ಅನ್ನುತ್ತಾನೆ. ಅವನಿಗೆ ಎಷ್ಟು ಹೇಳಬೇಕು?
– ಸುಂಟಿಕೊಪ್ಪದ ಓದುಗರು

ಉತ್ತರ: ನಿಮ್ಮ ಮಗ ಚುರುಕಾಗಿದ್ದಾನೆ. ಸಿಕ್ಕಿದ ಮಾಹಿತಿಯನ್ನು ಸರಿಯಾಗೇ ಜೋಡಿಸಿದ್ದಾನೆ. ಯಜಮಾನರ ಕಾಫಿ ಪಾಠದಲ್ಲೂ ತಪ್ಪಿಲ್ಲ. ರೊಬಸ್ಟಾ ಜಾತಿಯ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಅರೇಬಿಕಾ ಜಾತಿಗೆ ತನ್ನದೇ ಸಾಕು. ಆದರೆ ಹುಡುಗ ಕೇಳಿದ್ದು ಕಾಫಿ ಬಗ್ಗೆ ಅಲ್ವಲ್ಲ!

ಹೀಗೆ ಹೇಳಿ: ‘ಅಮ್ಮನ ಒಳಗೆ ಗರ್ಭಕೋಶ ಅಂತ ಒಂದು ಚೀಲ ಇದೆ. ಊಟ ಹೋಗೋ ಜಾಗ ಬೇರೆ, ಇದು ಬೇರೆ. ಅಮ್ಮನ ಮೈಯಲ್ಲಿರೋ ಒಂದು ಪುಟಾಣಿ ಕಣ, ಅಪ್ಪನ ಮೈಯಲ್ಲಿರೋ ಒಂದು ಪುಟಾಣಿ ಕಣ, ಎರಡೂ ಸೇರಿದರೆ ಪಾಪು ಬೆಳೆಯೋಕೆ ಶುರುವಾಗುತ್ತೆ.’ ಇಷ್ಟು ಹೇಳಿ ಸುಮ್ಮನಾಗಿ. ಹತ್ತರಲ್ಲಿ ಎಂಟು ಮಕ್ಕಳು ‘ಓ’ ಅಂತ ಆಟಕ್ಕೆ ಓಡುತ್ತವೆ.

ಓಡದೆ ‘ಅಪ್ಪಂದು ಹೇಗೆ ಹೋಯ್ತು’ ಅಂದರೆ, ‘ಅಪ್ಪ ಅಮ್ಮ ತುಂಬ ಹತ್ತಿರ ಬಂದಾಗ ಅಪ್ಪನ ಮೈಯಿಂದ ಅಮ್ಮನ ಮೈಗೆ ಹೋಗುತ್ತೆ. ಇದು ದೊಡ್ಡವರು ಮಾತ್ರ ಮಾಡೋದು’ ಅನ್ನಿ. ಈ ವಯಸ್ಸಿಗೆ ಇಷ್ಟು ಸಾಕು. ಎಂಟು, ಒಂಬತ್ತು ವರ್ಷದ ಮಗು ಕೇಳಿದರೆ ಮಾತ್ರ ನುಣುಚಿಕೊಳ್ಳಬೇಡಿ, ದೇಹದ ಭಾಗಗಳ ಹೆಸರು ಹಿಡಿದೇ ಹೇಳಿ. ಹೆಣ್ಣುಮಕ್ಕಳಲ್ಲಿ ಎಂಟು ವರ್ಷಕ್ಕೇ ಬೆಳವಣಿಗೆಯ ಲಕ್ಷಣ ಕಾಣಿಸಬಹುದು. ಹೈಸ್ಕೂಲಿಗೆ ಹೋದ ಮೇಲೆ ನೋಡೋಣ ಅಂತ ಕೂತರೆ ತಡವಾಯಿತು ಅಂತಲೇ ಲೆಕ್ಕ.

ಹೊರಗೆ ಬರೋದರ ಬಗ್ಗೆ ಇಷ್ಟೊಂದು ನಾಚಿಕೆ ಯಾಕೋ ಗೊತ್ತಿಲ್ಲ. ಕೊಟ್ಟಿಗೆಯಲ್ಲಿ ಹಸು ಕರು ಹಾಕುವುದನ್ನು ನೋಡಿ ಬೆಳೆದ ಮಕ್ಕಳು ಇವು. ‘ಅಮ್ಮನ ಕಾಲುಗಳ ನಡುವೆ ಅದಕ್ಕೇ ಅಂತ ಒಂದು ದಾರಿ ಇದೆ. ಕೆಲವು ಸಲ ಡಾಕ್ಟರು ಹೊಟ್ಟೆ ಕೊಯ್ದು ತೆಗೆದು, ಮತ್ತೆ ಹೊಲೀತಾರೆ’ ಅಂದರೆ ಮುಗಿಯಿತು.

‘ಬೀಜ’ ಅನ್ನುವ ಮಾತು ಮಾತ್ರ ಬೇಡ. ಕಿತ್ತಳೆ ಕಾಲದಲ್ಲಿ ಒಂದು ಸಲ ನಾಲ್ಕು ವರ್ಷದ ಹುಡುಗಿಯನ್ನು ಹೊಟ್ಟೆನೋವು ಅಂತ ಕರೆತಂದರು. ಊಟ ಬಿಟ್ಟಿದ್ದಳು. ಹುಳದ ಔಷಧಿ ಕುಡಿಸಿ ಆಗಿತ್ತು, ದೃಷ್ಟಿ ತೆಗೆದದ್ದೂ ಆಗಿತ್ತು. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗಿದೆ, ನೋವಿಲ್ಲ. ಅಮ್ಮನನ್ನು ಸ್ವಲ್ಪ ದೂರ ಕೂರಿಸಿ ಕೇಳಿದೆ. ಎರಡೂ ಕೈ ಹೊಟ್ಟೆ ಮೇಲಿಟ್ಟುಕೊಂಡು, ‘ಕಿತ್ತಳೆ ಬೀಜ ನುಂಗಿದೆ, ಪಾಪು ಬರುತ್ತೆ’ ಅಂತ ಪಿಸುಗುಟ್ಟಿದಳು. ಅಪ್ಪ ಕೊಟ್ಟ ಬೀಜ ಅಮ್ಮನ ಹೊಟ್ಟೇಲಿ ಬೆಳೀತು ಅಂತ ಮನೆಯಲ್ಲಿ ಯಾರೋ ಜಾಣರು ಹೇಳಿದ್ದರಂತೆ.

ಅತ್ತೆಯವರ ಮಾತಿಗೆ ಬರೋಣ. ಅವರೊಂದಿಗೆ ಜಗಳ ಬೇಡ. ‘ಅಜ್ಜಿ ತಮಾಷೆಗೆ ಹೇಳಿದ್ದು. ಪಾಪು ಇಲ್ಲೇ ಬೆಳೀತಾ ಇದೆ, ಹೆರಿಗೆಗೆ ಮಾತ್ರ ಆಸ್ಪತ್ರೆಗೆ ಹೋಗ್ತೇವೆ’ ಅಂದುಬಿಡಿ. ಹಾಗೇ ಬಿಟ್ಟರೆ, ಪಾಪು ಬಂದ ಮೂರನೇ ದಿನಕ್ಕೆ ‘ವಾಪಸ್ ಕೊಟ್ಟು ಬನ್ನಿ’ ಅನ್ನುತ್ತಾನೆ. ಅದು ಹೋಗಲಿ. ಈ ವಿಷಯದಲ್ಲಿ ಮನೆಯವರು ನಿಜ ಹೇಳುವುದಿಲ್ಲ ಅಂತ ಗೊತ್ತಾದ ಮಗು ಮುಂದೆ ಸ್ಕೂಲ್ ಬಸ್ಸಿನ ದೊಡ್ಡ ಹುಡುಗರನ್ನು ಕೇಳುತ್ತದೆ, ಇಲ್ಲ ಫೋನನ್ನು ಕೇಳುತ್ತದೆ. ಫೋನಿನಲ್ಲಿ ವಿಡಿಯೋ ಹುಡುಕಿ ತೋರಿಸುವ ಉಪಾಯವೂ ಬೇಡ. ಒಂದರ ಹಿಂದೆ ಇನ್ನೇನು ಬರುತ್ತದೋ ನಿಮಗೂ ಗೊತ್ತಿರುವುದಿಲ್ಲ. ನನ್ನದು ಅತಿಯಾಯಿತು ಅನ್ನುವವರು ಅನ್ನಲಿ.

ಇದೇ ಮಾತಿನ ಜೊತೆ ಚಡ್ಡಿಯೊಳಗಿನ ಜಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿ ‘ಗುಟ್ಟು’ ಅಂದರೆ ಮೊದಲು ಅಮ್ಮನಿಗೆ ಹೇಳಬೇಕು ಅಂತಲೂ ಹೇಳಿಕೊಡಿ. ಪುಟ್ಟ ಮಗು ವಯಸ್ಸಿಗೆ ಮೀರಿದ ವಿವರ ಹೇಳಿದರೆ, ಗೊಂಬೆಗಳಲ್ಲಿ ಅದನ್ನೇ ಆಡಿ ತೋರಿಸಿದರೆ ಬೈಯಬೇಡಿ, ನಗಬೇಡಿ. ಎಲ್ಲೋ ನೋಡಿರಬಹುದು, ಅಥವಾ ಯಾರೋ ಏನೋ ಮಾಡಿರಬಹುದು. ಮಗುವನ್ನು ವಿಚಾರಣೆಗೆ ಕೂರಿಸದೆ ವೈದ್ಯರ ಹತ್ತಿರ ಕರೆತನ್ನಿ. 1098ಕ್ಕೆ ಕರೆ ಮಾಡಿದರೆ ಮಕ್ಕಳ ಸಹಾಯವಾಣಿ ಸಿಗುತ್ತದೆ.

ಪ್ರಶ್ನೆ: ಇದನ್ನೆಲ್ಲ ಚಿಕ್ಕ ವಯಸ್ಸಿಗೇ ಹೇಳಿದರೆ ಮಕ್ಕಳು ಕೆಡುವುದಿಲ್ಲವೇ? – ವಿರಾಜಪೇಟೆ
ಉತ್ತರ: ಇಲ್ಲ.

ಪ್ರಶ್ನೆ: ಗಂಡುಮಗುವಿಗೆ ಅಪ್ಪನೇ ಹೇಳಬೇಕಾ? – ಗೋಣಿಕೊಪ್ಪ
ಉತ್ತರ: ಯಾರನ್ನು ಕೇಳಿದನೋ ಅವರು ಹೇಳಬೇಕು. ‘ಅಪ್ಪನ್ನ ಕೇಳು’ ಅಂತ ಅಟ್ಟಬೇಡಿ.

ಪ್ರಶ್ನೆ: ಏಳು ವರ್ಷದ ಮಗಳು ತಮ್ಮನೇ ಬೇಕು ಅಂತ ಹಠ ಮಾಡುತ್ತಾಳೆ. ನಾನು ಎರಡು ತಿಂಗಳ ಗರ್ಭಿಣಿ. ಗಂಡುಮಗುವಾಗಲು ಒಬ್ಬರು ಪುಡಿ ಕೊಟ್ಟಿದ್ದಾರೆ, ತೆಗೆದುಕೊಳ್ಳಬಹುದೇ? – ಸೋಮವಾರಪೇಟೆ
ಉತ್ತರ: ಮಗಳ ಹೆಸರು ಹೇಳಿ ಕೇಳುತ್ತಿರುವವರು ಯಾರು ಅಂತ ನನಗೆ ಗೊತ್ತಾಗುತ್ತದೆ. ಗಂಡೋ ಹೆಣ್ಣೋ ಅನ್ನುವುದು ಅಪ್ಪನ ವೀರ್ಯಾಣು ತಂದ ಎಕ್ಸ್ ಅಥವಾ ವೈ ಕ್ರೋಮೋಸೋಮಿನಿಂದ, ಗರ್ಭ ಕಟ್ಟಿದ ಕ್ಷಣಕ್ಕೇ ತೀರ್ಮಾನವಾಗಿದೆ. ಆಮೇಲೆ ಯಾವ ಪುಡಿಯೂ ಅದನ್ನು ಬದಲಾಯಿಸದು. ಹೀಗೆ ಮಾರುವವನು ನಿಮ್ಮ ದುಡ್ಡು ಹೊಡೆಯುವ ಕಳ್ಳ. ಹುಟ್ಟುವುದು ಹೇಗೂ ಗಂಡು ಇಲ್ಲವೇ ಹೆಣ್ಣು, ಅರ್ಧಕ್ಕರ್ಧ ಸಲ ಅವನ ಮಾತೇ ನಿಜವಾದಂತೆ ಕಾಣುತ್ತದೆ. ಇಂಥ ಪುಡಿಗಳಲ್ಲಿ ಸೀಸ, ಪಾದರಸ ಸಿಕ್ಕಿದ್ದುಂಟು. ಎರಡು ತಿಂಗಳು ಅಂದರೆ ಮಗುವಿನ ಅಂಗಾಂಗ ರೂಪುಗೊಳ್ಳುವ ಹೊತ್ತು. ಇನ್ನೂ ತಿಂದಿಲ್ಲವಾದರೆ ತಿನ್ನಬೇಡಿ. ತಿಂದಿದ್ದರೆ ಪೊಟ್ಟಣ ಬಿಸಾಡದೆ, ನಾಳೆಯೇ ಅದರ ಸಮೇತ ಹೆರಿಗೆ ಡಾಕ್ಟರ ಹತ್ತಿರ ಹೋಗಿ.