ಅರೆಸ್ಟ್ ಆದವ್ರನ್ನೆಲ್ಲ ಕೈದಿ ಅನ್ಬೋದಾ?
ಪೊಲೀಸ್ರು ಹಿಡ್ಕೊಂಡು ಹೋದ ತಕ್ಷಣ ಕೈದಿ ಅನ್ಬೋದಾ ಅಂತ ಕೇಳಿದೀರಲ್ಲ, ಬೇಡ, ಆಗ ಅವ್ರು ಬಂಧಿತರು ಅಥವಾ ಆರೋಪಿ ಅಷ್ಟೇ. ಜೈಲಿಗೆ ಹಾಕಿದ್ಮೇಲೆ ಕೈದಿ, ಅರಬ್ಬಿ ಮೂಲದ ಪದ, ಕೆಲವ್ರು ಖೈದಿ ಅಂತ್ಲೂ ಬರೀತಾರೆ, ಕನ್ನಡದ್ದೇ ಬೇಕಂದ್ರೆ ಸೆರೆಯಾಳು. ಆದ್ರೆ ಕೇಸ್ ಇನ್ನೂ ನಡೀತಿದ್ರೆ ದಯವಿಟ್ಟು ವಿಚಾರಣಾಧೀನ ಕೈದಿ ಅಂತ ಪೂರ್ತಿ ಬರೀರಿ, ಶಿಕ್ಷೆ ಆದವ್ರು ಸಜಾ ಕೈದಿ. 2022ರ ಕೊನೇಲಿ ನಮ್ಮ ದೇಶದ ಜೈಲುಗಳಲ್ಲಿ ಇದ್ದವ್ರಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಜನ ವಿಚಾರಣಾಧೀನರೇ, ಅಂದ್ರೆ ಆ ಕೇಸಲ್ಲಿ ತಪ್ಪು ಮಾಡಿದಾರೆ ಅಂತ ಕೋರ್ಟ್ ಇನ್ನೂ ಹೇಳೇ ಇಲ್ಲ, ಜಾಮೀನಿಗೆ ಶ್ಯೂರಿಟಿ ಹೊಂದಿಸೋಕಾಗ್ದೆ ಒಳಗೇ ಉಳಿದಿರೋ ಬಡವ್ರು ಎಷ್ಟೋ, ಅಂಥವ್ರನ್ನ ಅಪರಾಧಿ ಅಂತ ಬರ್ದಿದ್ದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಯುದ್ಧದಲ್ಲಿ ಸೆರೆಸಿಕ್ಕ ಸೈನಿಕರಾದ್ರೆ ಯುದ್ಧಕೈದಿ. ಒತ್ತೆಯಾಳು ಬೇರೆ, ಬೇಡಿಕೆ ಇಟ್ಟು ಯಾರನ್ನ ಹಿಡಿದಿಟ್ಕೊಂಡಿರ್ತಾರೋ ಅವ್ರಿಗೆ ಮಾತ್ರ ಅದು.