ಯಾರು? ಶಿಬಿರದ ಅನುಭವ ಬರೆದ ಹುಡುಗಿಗೆ ಒಂದು ಪತ್ರ

ಪ್ರೀತಿಯ ಹುಡುಗಿ,

ಚಿತ್ರದುರ್ಗದಲ್ಲಿ ಬೇಸಿಗೆ ರಜೆಯಲ್ಲಿ ನಡೆದ ಐದು ದಿನಗಳ ಪೌರನೀತಿ ಶಿಬಿರದ ಬಗ್ಗೆ ನೀನು ಕಳಿಸಿದ ಲೇಖನ ತಲುಪಿತು. ಅಕ್ಷರ ದುಂಡಗಿದೆ, ಕಾಗುಣಿತದ ತಪ್ಪಿಲ್ಲ. ಹತ್ತನೇ ಕ್ಲಾಸ್ ಮುಗಿಸಿದ ಹುಡುಗಿ ಆರು ಪುಟ ಕೈಯಲ್ಲೇ ಬರೆದು ದಾವಣಗೆರೆಗೆ ಪೋಸ್ಟ್ ಮಾಡಿದ್ದು ನನಗೆ ಖುಷಿ ಕೊಟ್ಟಿತು.

ಆದರೆ ಲೇಖನವನ್ನು ಹೀಗೇ ಹಾಕಲು ಆಗುವುದಿಲ್ಲ. ಕಾರಣ ಒಂದೇ: ‘ಲಾಯಿತು’. ಕೆಂಪು ಪೆನ್ನು ಹಿಡಿದು ಎಣಿಸಿದೆ, ಇಪ್ಪತ್ಮೂರು ಸಲ ಬಂದಿದೆ. ಉದ್ಘಾಟಿಸಲಾಯಿತು, ತಿಳಿಸಲಾಯಿತು, ಚರ್ಚಿಸಲಾಯಿತು. ಓದುತ್ತಾ ಓದುತ್ತಾ ನನಗೆ ಸಿಟ್ಟೇ ಬಂತು. ಯಾಕೆ ಅಂತ ಹೇಳುತ್ತೇನೆ.

ಮೊದಲನೇ ಪುಟ ನೋಡು. ‘ಶಿಬಿರಾರ್ಥಿಗಳಿಗೆ ಸಂವಿಧಾನದ ಪೀಠಿಕೆಯನ್ನು ಬೋಧಿಸಲಾಯಿತು.’ ಬೋಧಿಸಿದವರು ಯಾರು? ಮೇಷ್ಟ್ರಾ, ವಕೀಲರಾ? ಅವರು ಪೀಠಿಕೆಯನ್ನು ಓದಿದರಾ, ನಿಮ್ಮಿಂದ ಓದಿಸಿದರಾ? ಆ ಪೀಠಿಕೆಯನ್ನೇ ಇನ್ನೊಂದು ಸಲ ತೆಗೆದು ಓದು. ಅದರ ಕರ್ತೃಪದ ‘ನಾವು’. ‘ಅಂಗೀಕರಿಸಲಾಯಿತು’ ಅಂತ ಅದು ಹೇಳುವುದಿಲ್ಲ. ಯಾರು ಅಂಗೀಕರಿಸಿದರು, ಯಾವತ್ತು ಅಂಗೀಕರಿಸಿದರು, ಎರಡೂ ಅದೇ ಒಂದು ವಾಕ್ಯದಲ್ಲಿದೆ. ನಾವು, 1949ರ ನವೆಂಬರ್ 26ರಂದು. ಅಂಥ ವಾಕ್ಯ ಕಲಿತು ಬಂದ ದಿನದ ಬಗ್ಗೆಯೇ ನೀನು ಕರ್ತೃ ಇಲ್ಲದ ವಾಕ್ಯ ಬರೆದಿದ್ದೀಯ.

ಮೂರನೇ ಪುಟ. ‘ಅಣಕು ಗ್ರಾಮಸಭೆಗೆ ಅಧ್ಯಕ್ಷರನ್ನು ಆಯ್ಕೆ ಮಾಡಲಾಯಿತು.’ ನಾಲ್ಕನೇ ಪುಟಕ್ಕೆ ಬಂದ ಮೇಲೆ ಗೊತ್ತಾಯಿತು, ಆ ಅಧ್ಯಕ್ಷೆ ನೀನೇ! ನಿನ್ನನ್ನು ಆರಿಸಿದ್ದು ಯಾರು? ಚೀಟಿ ಹಾಕಿದರಾ, ಕೈ ಎತ್ತಿದರಾ, ಇಲ್ಲಾ ಮೇಷ್ಟ್ರು ಸುಮ್ನೆ ನಿನ್ನ ಕಡೆ ಬೆರಳು ತೋರಿಸಿದರಾ? ಈ ಮೂರರಲ್ಲಿ ಯಾವುದು ನಡೆಯಿತು ಅನ್ನುವುದರ ಮೇಲೆ ಇಡೀ ಸಭೆಯ ಬಣ್ಣ ಬದಲಾಗುತ್ತದೆ, ಅಲ್ವಾ?

ಇನ್ನು ನಾಲ್ಕನೇ ಪುಟ. ನಿನ್ನ ಸಾಲುಗಳು ಹೀಗಿವೆ: ‘ಕುಡಿಯುವ ನೀರಿನ ಘಟಕದ ದುರಸ್ತಿ ಕುರಿತು ಸಾರ್ವಜನಿಕರೊಬ್ಬರು ಪ್ರಶ್ನಿಸಿದಾಗ, ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು ಎಂದು ತಿಳಿಸಲಾಯಿತು. ಪ್ರಶ್ನೆ ಕೇಳಿದ ಹುಡುಗ ಕೂತ ಮೇಲೂ ನನ್ನನ್ನೇ ನೋಡುತ್ತಿದ್ದ.’

ಎರಡನೇ ಸಾಲಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಆರು ಪುಟದಲ್ಲಿ ಉಸಿರಾಡುವ ಸಾಲು ಅದೊಂದೇ. ಮುಂದಿನ ಸಾಲಿಗೇ ನೀನು ಊಟದ ವಿರಾಮಕ್ಕೆ ಹೋಗಿಬಿಟ್ಟೆ.

‘ಸಾರ್ವಜನಿಕರೊಬ್ಬರು’ ಅನ್ನುವ ಪದವೂ ತಪ್ಪು. ಪಂಚಾಯ್ತಿ ಸಭೆ ಬೇರೆ, ಗ್ರಾಮಸಭೆ ಬೇರೆ. ಪಂಚಾಯ್ತಿ ಸಭೆಯಲ್ಲಿ ಗೆದ್ದ ಸದಸ್ಯರು ಕೂರುತ್ತಾರೆ. ಗ್ರಾಮಸಭೆ ಅಂದರೆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಅಷ್ಟೂ ಜನ. ಸಂವಿಧಾನದ 243ನೇ ವಿಧಿಯಲ್ಲೇ ಈ ಮಾತಿದೆ. 73ನೇ ತಿದ್ದುಪಡಿಯಿಂದ 1993ರಲ್ಲಿ ಬಂದದ್ದು. ಅಂದರೆ ಅಲ್ಲಿ ಎದ್ದು ನಿಂತು ಕೇಳುವವನು ಹೊರಗಿನವನಲ್ಲ. ಅದು ಅವನದೇ ಸಭೆ. ಆ ಹುಡುಗನಿಗೆ ಕೊಟ್ಟಿದ್ದು ಅಂಥವನ ಪಾತ್ರ. ನೀನು ಒಂದೇ ಪದದಲ್ಲಿ ಅವನನ್ನು ಬಾಗಿಲ ಆಚೆ ನಿಲ್ಲಿಸಿದೆ.

ಅವನು ಕೇಳಿದ್ದೇನು ಸಣ್ಣ ಪ್ರಶ್ನೆಯಾ? ನಮ್ಮ ಕಡೆ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವಯಸ್ಸಾದವರ ಬೆನ್ನು, ಕೀಲು ಬಿಗಿಯುತ್ತವೆ. ಅದಕ್ಕೇ ಊರೂರಿಗೆ ಶುದ್ಧ ನೀರಿನ ಘಟಕ ಬಂದವು. ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಅದು ಕೆಟ್ಟು ನಿಂತರೆ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಪಕ್ಕದ ಊರಿಗೆ ಹೋಗಬೇಕು. ಬೈಕ್ ಇಲ್ಲದವರು ಬೋರ್ ನೀರನ್ನೇ ಕುಡಿಯುತ್ತಾರೆ. ರಿಪೇರಿ ಯಾರು ಮಾಡಿಸಬೇಕು ಅಂತ ಕೇಳಿದರೆ ಉತ್ತರ ಸಿಗುವುದೇ ಕಷ್ಟ. ಎಷ್ಟೋ ಕಡೆ ಕಟ್ಟಿಸಿದವರು ಒಬ್ಬರು, ನೋಡಿಕೊಳ್ಳಬೇಕಾದವರು ಇನ್ನೊಬ್ಬರು. ಅಂಥ ಜಾಗದಲ್ಲಿ ‘ಕ್ರಮ ಕೈಗೊಳ್ಳಲಾಗುವುದು’ ಅಂದರೆ ಕೇಳಿದವನು ಯಾರ ಮನೆ ಬಾಗಿಲು ತಟ್ಟಬೇಕು?

ಈ ಪಾಠ ನನಗೂ ಸುಲಭವಾಗಿ ಬರಲಿಲ್ಲ. ನಾನು ಪತ್ರಿಕೆಗೆ ಸೇರಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಒಂದು ಊರಿನ ಪಂಚಾಯ್ತಿ ಸಭೆಗೆ ನನ್ನನ್ನು ಕಳಿಸಿದ್ದರು. ‘ಸಂತೆ ಮೈದಾನದ ಬೇವಿನ ಮರಗಳನ್ನು ಕಡಿಯಲು ನಿರ್ಧರಿಸಲಾಯಿತು’ ಅಂತ ಬರೆದು ಕೊಟ್ಟೆ. ನಮ್ಮ ಹಿರಿಯ ಉಪಸಂಪಾದಕರು ಆ ಕೊನೇ ಪದಕ್ಕೆ ಸುತ್ತು ಹಾಕಿ, ಪಕ್ಕದಲ್ಲಿ ‘ಯಾರು?’ ಅಂತ ಬರೆದು ಹಾಳೆ ವಾಪಸ್ ಕೊಟ್ಟರು. ಬೇರೆ ಏನೂ ಹೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಮತ್ತೆ ಹೋದೆ. ನಡಾವಳಿ ಪುಸ್ತಕ ತೆಗೆಸಿ ನೋಡಿದರೆ ಅಲ್ಲೂ ‘ತೀರ್ಮಾನಿಸಲಾಯಿತು’. ನಾನು ಅದನ್ನೇ ನಕಲು ಮಾಡಿದ್ದೆ, ಅಷ್ಟೇ. ಸದಸ್ಯರ ಮನೆಗಳಿಗೆ ಒಂದೊಂದಾಗಿ ಹೋದೆ. ಸಂಜೆ ಹೊತ್ತಿಗೆ ತಿಳಿದದ್ದು ಇಷ್ಟು: ಸಭೆಗೆ ಮೊದಲೇ ಇಬ್ಬರು ಕೂತು ಮಾತಾಡಿಕೊಂಡಿದ್ದರು. ಉಳಿದವರು ಸಹಿ ಹಾಕಿದರು. ಒಬ್ಬ ಹೆಣ್ಣುಮಗಳು ಮಾತ್ರ ಬೇಡ ಅಂದಿದ್ದರು. ಸಂತೆ ದಿನ ಸೊಪ್ಪು ಮಾರುವವರು ಬಿಸಿಲಲ್ಲಿ ಎಲ್ಲಿ ಕೂರಬೇಕು ಅಂತ ಕೇಳಿದ್ದರು. ಸಭೆಯಲ್ಲಿ ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ನಾನು ಬರೆದುಕೊಂಡಿರಲಿಲ್ಲ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಹೆಸರುಗಳ ಸಮೇತ ಸುದ್ದಿಯನ್ನು ಮತ್ತೆ ಬರೆದೆ, ಪ್ರಕಟವೂ ಆಯಿತು. ಮರಗಳು ಉಳಿಯಲಿಲ್ಲ.

ಕೋಟೆ ನೋಡಲು ಹೋದ ದಿನ, ಸಮಾರೋಪದ ಭಾಷಣ, ಇವುಗಳ ಬಗ್ಗೆ ನಾನು ಏನೂ ಹೇಳುವುದಿಲ್ಲ. ಬೇಕಾದರೆ ಇಟ್ಟುಕೋ, ಬೇಡವಾದರೆ ಬಿಡು. ನನಗೆ ಬೇಕಿರುವುದು ಆ ಸಭೆ. ಹುಡುಗ ಎದ್ದು ನಿಂತಲ್ಲಿಂದ ಶುರು ಮಾಡು. ಅವನು ಕೇಳಿದಾಗ ನೀನು ಯಾರ ಮುಖ ನೋಡಿದೆ? ಆ ಉತ್ತರವನ್ನು ಬಾಯಿಬಿಟ್ಟು ಹೇಳಿದ್ದು ನೀನಾ, ನಿನ್ನ ಪಕ್ಕ ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆಗಿ ಕೂತವನಾ? ನೀನೇ ಆಗಿದ್ದರೆ ‘ನಾನು ಹೇಳಿದೆ’ ಅಂತಲೇ ಬರೆ. ಅದಕ್ಕೆ ಧೈರ್ಯ ಬೇಕು. ಅವನು ನಿನ್ನನ್ನೇ ನೋಡುತ್ತಿದ್ದ ಅಂತ ಬರೆದವಳಿಗೆ ಆ ಧೈರ್ಯ ಇದೆ ಅಂತ ನಾನು ನಂಬಿದ್ದೇನೆ.

ಇನ್ನೊಂದು ಕೆಲಸ. ಶಿಬಿರದ ಗೆಳೆಯರ ಫೋನ್ ನಂಬರ್ ಇಟ್ಟುಕೊಂಡಿದ್ದೀಯ ಅಂತ ಬರೆದಿದ್ದೀಯ. ಆ ಹುಡುಗನಿಗೆ ಫೋನ್ ಮಾಡು. ಮೇಷ್ಟ್ರು ಕೊಟ್ಟ ಚೀಟಿಯಲ್ಲಿದ್ದ ಪ್ರಶ್ನೆಯನ್ನು ಕೇಳಿದನಾ, ಇಲ್ಲಾ ಅವನ ಊರಿನ ಘಟಕ ನಿಜವಾಗಿಯೂ ಕೆಟ್ಟು ನಿಂತಿದೆಯಾ? ಕೇಳಿ, ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದು ಕಳಿಸು. ನಾನು ಕಾಯುತ್ತಿರುತ್ತೇನೆ.

ನಿನ್ನ,
ಸಂಪಾದಕ